ಬೆಕ್ಕಿನ ಹಿಂದೆ

ಗುತ್ತಲಿನ ಈ ಬಾಡಿಗೆ ಮನೆಯಲ್ಲಿ
ತಂಪು ಒಂದೇ ಕಡೆ ಕೂರುವುದಿಲ್ಲ.
ಬೆಳಿಗ್ಗೆ ಬಚ್ಚಲ ಹೊಸ್ತಿಲ ಬಳಿ,
ಹನ್ನೊಂದಕ್ಕೆ ರಾಗಿ ಡಬ್ಬದ ಪಕ್ಕ,
ಆಮೇಲೆ ಮಂಚ ಸರಿಸಿದ ಜಾಗದ ಕೆಂಪು ಗಾರೆ.
ಬೆಕ್ಕಿಗೆ ಇದೆಲ್ಲ ಮೊದಲೇ ಗೊತ್ತು.
ಅದು ಎದ್ದಾಗ ಚಾಪೆ ಎಳೆದುಕೊಂಡು ನಾನೂ ಹೋಗುತ್ತೇನೆ,
ಕೈಯೂರಿ, ಒಂದೊಂದೇ ಮೊಣಕಾಲು, ಎಡಮಗ್ಗುಲಿಗೆ.

ಕರೆಂಟು ಹೋಯಿತು.
ಫ್ಯಾನು ಮೂರು ಸುತ್ತು ಯೋಚಿಸಿ ನಿಂತಿತು.
ಕಿಟಕಿಗೆ ಒದ್ದೆ ಪಂಚೆ, ಅವರ ಮದುವೆಯದು,
ಜರಿಯಂಚಿನಿಂದ ತಟ್ಟೆಗೆ ತೊಟ್ಟಿಕ್ಕುತ್ತಿದೆ.
ಓನರ್ ಚಿಕ್ಕತಾಯಮ್ಮ ಬಂದು ನೋಡಿ ನಕ್ಕರು.
"ಐಸ್ ನೀರು ಮುಟ್ಟಬ್ಯಾಡ ಕನವ್ವ, ಮಡಕೇದು ಕುಡಿ"
ಅಂದವರು ಬಿಂದಿಗೆ ಹೊತ್ತು ತಾರಸಿ ಹತ್ತಿದರು.
ಸುಯ್ ಅಂದದ್ದು
ಕೆಳಗೆ, ನನ್ನ ಬೆನ್ನಿಗೂ ಕೇಳಿಸಿತು.

ಟವೆಲ್ ಹಿಂಡಿ ಹೊಟ್ಟೆಯ ಮೇಲೆ ಹಾಸಿಕೊಂಡೆ.
ಒಳಗಿಂದ ಒಂದು ಒದೆತ;
ಟವೆಲ್ಲಿನ ಮೂಲೆ ಎದ್ದು ಕೂತಿತು.
ಚಳಿಯಾಯಿತೇನೋ, ಮರಿ?
ಮಂಡ್ಯದಲ್ಲಿ, ಏಪ್ರಿಲ್‌ನಲ್ಲಿ,
ಹೀಗೆ ಕೇಳಿದವಳು ನಾನೊಬ್ಬಳೇ ಇರಬೇಕು.

ತೆಗೆಯಲಿಲ್ಲ.
ಸ್ವಲ್ಪ ಪಕ್ಕಕ್ಕೆ ಸರಿಸಿದೆ, ಅಷ್ಟೆ.
ಬೆಕ್ಕು ಆಗಲೇ
ಅಡುಗೆಮನೆಗೆ ಹೊರಟಿದೆ.