ಒಂದೇ ಸೌಟು ನೀರು

ಹದಿನೈದು ದಿನಕ್ಕೊಮ್ಮೆ, ಮಂಗಳವಾರ,
ಇನಾರಿ ಸರೋವರದ ಉತ್ತರದಂಚಿಗೆ
ನನ್ನ ಪುಸ್ತಕದ ಬಸ್ಸು.
ಅಂಚೆಪೆಟ್ಟಿಗೆಗಳ ಸಾಲಿನ ಬಳಿ ನಿಲ್ಲಿಸಿ
ಎಂಜಿನ್ ಆರಿಸುವುದಿಲ್ಲ. ಆರಿಸಿದರೆ
ಪುಟ ತಿರುವುವ ಬೆರಳು ಮರಗಟ್ಟುತ್ತದೆ.

ತೌನೊ ಬರುತ್ತಾನೆ. ನಲವತ್ತು ವರ್ಷ
ಪೈನ್ ದಿಮ್ಮಿ ಸಾಗಿಸಿದ ಹೆಗಲು.
ಪುಸ್ತಕದ ಕಪಾಟಿನತ್ತ ಕಣ್ಣೆತ್ತುವುದಿಲ್ಲ.
ಬಾಗಿಲ ಪಕ್ಕದ ಗೂಡಿಗೇ ಕೈ:
ಹಾಸ್ಯದ ಡಿಸ್ಕುಗಳು, ಎಣಿಸಿ ಆರು.
"ನಗಿಸಬೇಕು, ಅಷ್ಟೇ. ಯೋಚನೆ ಬೇಡ."

ನವೆಂಬರಿನಲ್ಲಿ ಲೆಂಪಿ ಹೋದಳು.
ಆ ಮಂಗಳವಾರವೂ ಆರು.
ಡಿಸೆಂಬರಿನಲ್ಲಿ ಸೂರ್ಯನೇ ಬರಲಿಲ್ಲ, ಇವನು ಬಂದ.
ಹನ್ನೆರಡು ಕೊಡು, ಅಂದ.

ನೆರೆಯವಳು ಹೇಳಿದಳು:
ಸರಿರಾತ್ರಿಯಲ್ಲೂ ಆ ಮನೆಯಿಂದ ನಗು,
ಹಿಮ ದಾಟಿ ಬರುವ ನೂರಾರು ಜನರ ನಗು.
ಅವನದೊಂದಿಲ್ಲ ಅದರಲ್ಲಿ.
ಎಂದೋ ಯಾವುದೋ ಊರಲ್ಲಿ ಟೇಪಿಗೆ ಹಿಡಿದದ್ದು;
ನಕ್ಕವರಲ್ಲಿ ಅರ್ಧ ಜನ ಈಗ ಮಣ್ಣಾಗಿರಬೇಕು.

ನಾನು ಉಪದೇಶಕ್ಕೆ ಹುಟ್ಟಿದವನಲ್ಲ.
ನಾನೂ ನೋಡುತ್ತೇನೆ, ಫೋನಿನಲ್ಲಿ, ಬೆಕ್ಕು ಜಾರಿ ಬೀಳುವುದನ್ನು,
ಹೆಬ್ಬೆರಳು ಸವೆಯುವವರೆಗೆ;
ಏನು ನೋಡಿದೆ ಎಂದು ಯಾರಾದರೂ ಕೇಳಿದರೆ
ಬಾಯಲ್ಲಿ ಬರೀ ಗಾಳಿ.
ಆದರೂ ಆ ದಿನ, ಕಳ್ಳನಂತೆ,
ಅವನ ಚೀಲದ ತಳಕ್ಕೊಂದು ತೆಳು ಪುಸ್ತಕ ಸೇರಿಸಿದೆ.
ಬಿಸಿಲ ದೇಶದ ಕತೆ. ನಮ್ಮ ನುಡಿಗೆ ಯಾರೋ ತಂದದ್ದು.
ಅದರಲ್ಲೊಬ್ಬ ಮುದುಕ, ದೋಣಿ ದುರಸ್ತಿಯವ,
ಹೆಂಡತಿ ಸತ್ತ ಮೇಲೂ ಮಧ್ಯಾಹ್ನವಾದರೆ
ಎದ್ದು ಕಿಟಕಿ ಮುಚ್ಚುತ್ತಾನೆ:
ಅವಳಿಗೆ ತಲೆಶೂಲೆ, ಬೆಳಕಾಗದು.
ಅದಕ್ಕಿಂತ ಹೆಚ್ಚೇನೂ ಆಗುವುದಿಲ್ಲ ಆ ಪುಟದಲ್ಲಿ.

ಒಂದು ಸರದಿ ತೌನೊ ಬರಲಿಲ್ಲ.
ಮುಂದಿನದಕ್ಕೆ ಬಂದ, ಟೋಪಿ ತೆಗೆದ;
ಅದು ಅವನ ಪದ್ಧತಿಯಲ್ಲ.
ಪುಸ್ತಕವನ್ನು ಹಕ್ಕಿಮೊಟ್ಟೆಯಂತೆ ಹಿಡಿದು ಕೇಳಿದ:
"ಇವನಿಗೆ ಯಾರು ಹೇಳಿದರು?"
ಏನನ್ನು, ಅಂದೆ.
ಹೀಟರಿನ ಸದ್ದು. ಬಹಳ ಹೊತ್ತು.
"ಸೌನಾದಲ್ಲಿ ಲೆಂಪಿಗೆ ಹೆಚ್ಚು ಉಗಿ ಸೇರುತ್ತಿರಲಿಲ್ಲ.
ಕಾದ ಕಲ್ಲಿನ ಮೇಲೆ ನಾನು ಇವತ್ತಿಗೂ
ಒಂದೇ ಸೌಟು ನೀರು ಹಾಕುತ್ತೇನೆ.
ನನಗೆ ಸಾಲದು. ಬೆನ್ನು ನಡುಗುತ್ತದೆ. ಆದರೂ ಒಂದೇ."

ಆಮೇಲೆ ಅತ್ತ,
ದಿಮ್ಮಿ ಬಿಗಿದ ಸರಪಳಿ ಇಳಿಜಾರಿನಲ್ಲಿ ಸಡಿಲಿದ ಹಾಗೆ.
ನಾನು ದಿನಾಂಕದ ಮುದ್ರೆ ಒರೆಸುತ್ತ ಕೂತೆ,
ಒರೆಸಿದ್ದನ್ನೇ.

ಹೋಗುವಾಗ ಎರಡು ಹಾಸ್ಯದ ಡಿಸ್ಕು ಒಯ್ದ.
ಪುಸ್ತಕ ಹಿಂದಿರುಗಿಸಲಿಲ್ಲ.
ತಡವಾದರೆ ದಂಡ ಬೀಳುತ್ತದೆ, ಅಂದೆ.
ಮೆಟ್ಟಿಲಿಳಿಯುತ್ತ, ಟೋಪಿ ಇನ್ನೂ ಕೈಯಲ್ಲೇ,
"ಬೀಳಲಿ," ಅಂದ.