ಹದಿಮೂರೂವರೆ

ಹಾಸನದ ಪೆನ್ಷನ್ ಮೊಹಲ್ಲಾದ ತಿರುವಿನಲ್ಲಿ ನನ್ನ ಅಂಗಡಿ.
ಒಂದು ಮಿಷನ್, ಒಂದು ಕನ್ನಡಿ, ಗುಂಡಿ ತುಂಬಿದ ಬಿಸ್ಕತ್ತು ಡಬ್ಬಿ.
ಇಪ್ಪತ್ತೆರಡು ವರ್ಷ ಹೆಂಗಸರ ಕತ್ತು ಅಳೆದಿದ್ದೇನೆ.
ನನ್ನದನ್ನು ಅಳೆದದ್ದು ಈ ಯುಗಾದಿ ಕಳೆದ ಮೇಲೆ,
ಅದೂ ಬಟ್ಟೆ ಕೊಡಲು ಬಂದ ನೂರ್‌ಜಾನ್
"ಅಕ್ಕಾ, ಏನೋ ನುಂಗೋಕೆ ಹೋಗಿ ಮರೆತಂಗಿದೆ ನಿಮ್ಮ ಗಂಟಲು"
ಅಂದ ಮೇಲೆ.

ದೊಡ್ಡಾಸ್ಪತ್ರೆಯ ಡಾಕ್ಟರು ನನ್ನ ಮಗಳ ವಯಸ್ಸಿನವಳು.
ಒಂದು ಲೋಟ ನೀರು ಕೊಟ್ಟು ಕುಡಿಯಿರಿ ಅಂದಳು.
ಬಾಯಾರಿಕೆಗೆ ಅಂದುಕೊಂಡೆ.
ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು,
ಲಿಫ್ಟಿನೆದುರು ನಿಂತವರು ನಂಬರು ನೋಡುವ ಹಾಗೆ:
ಏರಿತು, ಇಳಿಯಿತು.
"ಥೈರಾಯ್ಡ್ ದೊಡ್ಡದಾಗಿದೆ. ರಕ್ತದ ಅಂಕಿ ಗಡಿ ದಾಟಿದೆ, ಸ್ವಲ್ಪ.
ಮಾತ್ರೆ ಶುರು ಮಾಡಬಹುದು. ಮೂರು ತಿಂಗಳು ಕಾದೂ ನೋಡಬಹುದು."
ಗಡ್ಡೆ ಕರಗುತ್ತಾ?
"ಕರಗಬಹುದು. ಖಾತ್ರಿ ಹೇಳಲ್ಲ."
ಬಣ್ಣ ಬಿಡಬಹುದು, ಬಿಡದೇನೂ ಇರಬಹುದು, ನೀವೇ ಯೋಚಿಸಿ
ಅಂತ ಎಷ್ಟು ಜನರ ಲೈನಿಂಗ್ ಬಟ್ಟೆಗೆ ಹೇಳಿಲ್ಲ ನಾನು.
ಆಗ ಅವರ ಹೊಟ್ಟೆಯೊಳಗೆ ಏನಾಗಿತ್ತೆಂದು ಈಗ ಗೊತ್ತಾಯಿತು.

ಮಾತ್ರೆ ತಂದೆ. ಗುಂಡಿ ಡಬ್ಬಿಗೆ ಹಾಕಿಟ್ಟೆ.

ಇಂದ್ರಾಕ್ಷಿ ಟೀಚರು ಹನ್ನೊಂದು ವರ್ಷದಿಂದ ನುಂಗುತ್ತಿದ್ದಾರಂತೆ:
"ಹಲ್ಲುಜ್ಜಿದ ಹಾಗೆ ಕಣೇ, ಅಷ್ಟೇ."
ಮೇಲ್ಮನೆ ಸಾಕಮ್ಮ:
"ಒಂದ್ಸಲ ಹಿಡಿದ್ರೆ ಬಿಡೋ ಹಂಗಿಲ್ಲ, ಗಂಡ ಇದ್ದಂಗೆ."
ಕೋಸು ಬಿಡು ಅಂದರು. ಕೊತ್ತಂಬರಿ ಬೀಜದ ನೀರು ಅಂದರು.
ಇವರು ಬಸ್ ಡಿಪೋದಿಂದ ಬಂದು ಕೈಯ ಗ್ರೀಸು ಒರೆಸುತ್ತಾ
"ನಿಂಗೇನನ್ಸುತ್ತೆ?" ಅಂದರು.
ಮದುವೆಯಾಗಿ ಮೊದಲ ಸಲ ಕೇಳಿದ ಪ್ರಶ್ನೆ.
ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವ್ವನಿಗೂ ಇತ್ತು. ಮೂಡಿಗೆರೆ ಕಡೆ ನೀರಿನ ದೋಷ ಅಂದರು.
ಅವ್ವ ಅದಕ್ಕೆ ಹೆಸರಿಡಲಿಲ್ಲ, ಮದ್ದು ಕೇಳಲಿಲ್ಲ,
ಸೆರಗೆಳೆದುಕೊಂಡಳು. ಸತ್ತದ್ದು ಬೇರೆ ಕಾರಣಕ್ಕೆ,
ಹಾಗಾಗಿ ಅವಳ ಸಾಕ್ಷಿ ಯಾವ ಕಡೆಗೂ ಸಲ್ಲುವುದಿಲ್ಲ.
ಗೋಡೆಯ ಮೇಲಿನ ಫೋಟೋದಲ್ಲಿ ಸ್ಟುಡಿಯೋದವನು
ಕುಂಚ ಆಡಿಸಿ ಕತ್ತನ್ನು ನುಣ್ಣಗೆ ಮಾಡಿದ್ದಾನೆ,
ದುಡ್ಡು ತಗೊಳ್ಳದೆ, ಉಪಕಾರಕ್ಕೆ.
ಊದುಬತ್ತಿ ಹಚ್ಚುವಾಗೆಲ್ಲ ಅನಿಸುತ್ತದೆ,
ಈಕೆ ನನ್ನ ಹೆತ್ತವಳ ತಂಗಿ ಇರಬೇಕು.

ನಾನು ಕಾಲರ್ ನೆಕ್ ಹೊಲಿದುಕೊಂಡೆ, ಗುಂಡಿ ಗದ್ದದವರೆಗೆ.
ಹದಿನೈದು ದಿನದಲ್ಲಿ ಮೂವರು ಬಂದು
"ನಿಮ್ಮದೇ ಥರ" ಅಂದರು.

ಪ್ರತಿ ಸೋಮವಾರ ಬಾಗಿಲು ತೆರೆಯುವ ಮುಂಚೆ
ಟೇಪು ಸುತ್ತಿ ನೋಡುತ್ತಿದ್ದೆ. ಹದಿಮೂರೂವರೆ.
ಹದಿಮೂರೂವರೆ. ಮತ್ತೆ ಹದಿಮೂರೂವರೆ.
ನೋಡು, ಬೆಳೆದಿಲ್ಲ, ಅಂತ ಕನ್ನಡಿಗೆ ಹೇಳಿ ಮಿಷನ್ ತುಳಿದೆ.

ಮೊನ್ನೆ ಟೇಪಿನ ತುದಿಯ ತಗಡು ಕಿತ್ತು ಬಂತು.
ಕಟ್ಟಿನಕೆರೆ ಮಾರ್ಕೆಟ್ಟಿನಿಂದ ಹೊಸದು ತಂದೆ, ಇಪ್ಪತ್ತು ರೂಪಾಯಿ.
ಸುತ್ತಿದರೆ ಹದಿನಾಲ್ಕು.
ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹಾಸಿದೆ:
ಹಳೆಯದು ಎಳೆಸಿಕೊಂಡು ಎಳೆಸಿಕೊಂಡು ಹಿಗ್ಗಿ ಹೋಗಿದೆ.
ಮತ್ತೆ, ಇಷ್ಟು ವರ್ಷ ಯಾರ ರವಿಕೆಯೂ ಕೆಡಲಿಲ್ಲವಲ್ಲ?
ಅದರಲ್ಲೇ ಅಳೆದೆ, ಅದರಲ್ಲೇ ಗುರುತು ಹಾಕಿ ಕತ್ತರಿಸಿದೆ;
ಒಂದು ತಪ್ಪು ಇನ್ನೊಂದನ್ನು ಹೊದ್ದು ಮಲಗಿತ್ತು.
ಎಷ್ಟು ಟೇಪು, ಎಷ್ಟು ಕತ್ತು, ಯಾವುದು ಯಾವಾಗ ಬೆಳೆಯಿತೋ.

ಇವತ್ತು ಐದೂವರೆಗೆ ಎದ್ದೆ.
ಹುಕ್ಕಿನಷ್ಟೂ ಇಲ್ಲ ಮಾತ್ರೆ. ಬರಿಹೊಟ್ಟೆ. ಒಂದು ಲೋಟ ನೀರು.
ಕನ್ನಡಿ ಮುಂದೆ ನಿಂತು ನುಂಗಿದೆ.
ಏರಿತು. ಇಳಿಯಿತು.

ಕಾಫಿಗೆ ಇನ್ನೂ ಮುಕ್ಕಾಲು ಗಂಟೆ.
ಡಿಕಾಕ್ಷನ್ ತೊಟ್ಟಿಕ್ಕುತ್ತಿದೆ, ವಾಸನೆ ಪ್ರಾಣ ಹಿಂಡುತ್ತಿದೆ.
ನಾಳೆಯೂ ನುಂಗುತ್ತೇನಾ, ಗೊತ್ತಿಲ್ಲ;
ಮೂರು ತಿಂಗಳಿಗೆ ರಕ್ತ ಕೊಡಬೇಕು, ಆಮೇಲೆ ನೋಡೋಣ.
ಅಷ್ಟರಲ್ಲಿ ಒಂದು ರವಿಕೆ ಕತ್ತರಿಸಿಡುತ್ತೇನೆ,
ನನ್ನದೇ, ದುಂಡು ಕತ್ತಿನದು.
ತೋಳಿಗೆ ಬಟ್ಟೆ ಸಾಲುತ್ತದೋ ಇಲ್ಲವೋ.