ಏಳನೇ ಪರಸಿ

ಮಂಚದಿಂದ ಹೊಸ್ತಿಲ ತನಕ ಹನ್ನೊಂದು ಪರಸಿ.
ನಾನೇ ಹಾಸಿದ್ದು, ಲಗ್ನ ಆದ ವರ್ಷ,
ಶಹಾಬಾದಿನ ಖಣಿಯಾಗ ಕೂಲಿ ಬದಲು ಸಿಕ್ಕ ಕಲ್ಲು,
ಅಂಚು ಮುಕ್ಕಾದವು, ಬಣ್ಣ ಒಂದಕ್ಕೊಂದು ಹೊಂದದವು.
ಏಳನೇದು ಅರ್ಧ ಬೆರಳು ಮ್ಯಾಲ ಎದ್ದಿತ್ತು.
ಹನ್ನೆರಡು ವರ್ಷ ಅಕಿ ಅದನ್ನ ಎಡವಿ ಎಡವಿ
ನನ್ನ ಹೆಸರು ಹಿಡಿದು ಬೈದಾಳ.

ಈಗ ಎಡವಲಿಕ್ಕೂ ಕಾಲು ಬೇಕಲ್ಲ.

ರಾವೂರ ದಾಟೂದ್ರಾಗ ಎಮ್ಮಿ ಅಡ್ಡ ಬಂತಂತ,
ಡ್ರೈವರ್ ಬ್ರೇಕ್ ಒತ್ತಿದನಂತ,
ಬಾಗಿಲಾಗ ನಿಂತು ಯಾರೋ ಮುದುಕಗ ಚಿಲ್ಲರೆ ಎಣಿಸೋ ನೀಲಗಂಗಾ
ಡಾಂಬರಿಗೆ ಬೆನ್ನು ಹಚ್ಚಿ ಬಿದ್ದಳಂತ.
ಎಲ್ಲಾ ಅಂತ, ಅಂತ. ನಾ ನೋಡಿಲ್ಲ.
ನಾ ನೋಡಿದ್ದು ಕಲಬುರಗಿ ದವಾಖಾನಿಯ ಹಸಿರು ಪರದೆ,
ಅದರಾಚೆಯಿಂದ ಅಕಿ ಕೇಳಲತ್ತಿದ್ದು:
"ಮುದುಕಗ ಎಂಟು ರೂಪಾಯಿ ಕೊಡೋದದ.
ಯಾರರ ಕೊಟ್ಟರೇನು?"

ಮೂರು ತಿಂಗಳಿಗೆ ಮನಿಗೆ ಬಂದ್ವಿ.
ಟಿಕೆಟ್ ಮಷೀನು ಡಿಪೋದವರು ಒಯ್ದರು,
ಸೀಟಿ ಮರೆತರು.
ಅದು ಅಕಿ ದಿಂಬಿನ ತಳಗ.
ಒಂದು ಸೀಟಿ ಅಂದ್ರ ನೀರು.
ಎರಡು ಅಂದ್ರ ಬೇಸಿನ್ನು ತಾ.
ಮೂರಕ್ಕ ಅರ್ಥ ಇಲ್ಲ, ಸುಮ್ಮ ಕರೀತಾಳ.

ಕಲ್ಲು ಕಡಿಯೋ ಕೈಗೆ ಹೆರಳು ಹಾಕಲಿಕ್ಕೆ ಬರಲಿಲ್ಲ.
ಮೂರೆಳಿ ಎರಡಾದವು, ಎರಡು ಗಂಟಾದವು,
ಕಡೀಕ ಸುಗಲಾ, ಒಂಬತ್ತರ ಹುಡುಗಿ,
"ಅಪ್ಪಾ, ಅತ್ತ ಸರಿ" ಅಂತ ನನ್ನ ದಬ್ಬಿ ತಾನೇ ಕುಂತಳು.
ರೊಟ್ಟಿ ಮಾತ್ರ ನಂದು.
ಬಡಿಯೋ ಸಪ್ಪಳ ಕೇಳಿ ಮಂಚದಿಂದಲೇ ಹೇಳ್ತಾಳ:
"ನಡು ದಪ್ಪ ಆತು. ಅಂಚಿಗಿ ಬಾ.
ನೀರು ಕಮ್ಮಿ ಹಾಕಿದಿ. ಹರೀತು ನೋಡು."
ಹರಿದಿರ್ತದ.
ಹರಿದದ್ದು ನನಗ, ಗುಂಡಂದು ಅಕಿಗೆ.
ಅದನ್ನೂ ತಾಟಿನ ಸಪ್ಪಳದಾಗ ಹಿಡೀತಾಳ, ಏನೂ ಅನ್ನಂಗಿಲ್ಲ.

ಒಂದು ದಿನ ಮೈ ಒರಸುವಾಗ
ಹೊರಳು ಅಂದೆ, ಗದರಿಸಿ.
ಹೊರಳಿದ್ದು ಮಾರಿ ಅಷ್ಟೇ, ಗ್ವಾಡಿ ಕಡೆ.
ಆ ರಾತ್ರಿ ಸೀಟಿ ಬರಲಿಲ್ಲ.
ಮುಂಜಾನೆ ಹಾಸಿಗಿ ತೊಯ್ದಿತ್ತು.

ವಾಕರ್ ಬಂದ ಮ್ಯಾಲ ಅಕಿ ಪರಸಿಗೊಂದು ಸ್ಟಾಪು ಇಟ್ಟಳು.
ಮೊದಲನೇದು ಕಲಬುರಗಿ, ಎರಡಕ್ಕ ನಂದೂರು,
ನಾಕನೇದು ಶಹಾಬಾದ, "ಇಲ್ಲಿ ಚಾ ಕುಡೀಬೇಕು".
ಏಳನೇದು ರಾವೂರ.
ಅಲ್ಲಿ ವಾಕರಿನ ಕಾಲು ಟಕ್ ಅಂತ ತಾಕ್ತಿತ್ತು,
ನನ್ನ ಎದಿಗೂ.

ನಿನ್ನೆ ತಮ್ಮನ ಆಟೋದಾಗ ಅಕಿ ತಪಾಸಣಿಗೆ ಹೋದಾಗ
ಸಬ್ಬಲ್ ಹಚ್ಚಿ ಆ ಕಲ್ಲು ಎಬ್ಬಿಸಿದೆ.
ತಳದ ಮಣ್ಣು ಕೆರೆದೆ, ಸಿಮೆಂಟು ಹಾಕಿ ಸಮ ಕೂಡಿಸಿದೆ,
ನೀರು ಸುರುವಿ ನೋಡಿದೆ, ಎತ್ತಲೂ ಹರೀಲಿಲ್ಲ.
ಇಷ್ಟು ಚಂದ ಕೆಲಸ ಲಗ್ನದ ವರ್ಷ ಯಾಕ ಮಾಡಲಿಲ್ಲೋ.

ಬಂದಾಕಿ ಭಾಳ ಹೊತ್ತು ನೋಡಿದಳು.
"ಯಾಕ ತೆಗದಿ?"
"ನೀ ಎಡವಬಾರದಂತ."
"ನೀ ಗೊರಕಿ ಹೊಡೆಯುವಾಗ, ದೀಪ ಹಚ್ಚದ,
ನಾ ಒಬ್ಬಾಕಿನೇ ಅಲ್ಲಿ ತನಕ ಹೋಗಿ ಬರ್ತಿದ್ದೆ.
ಮಂಗಳವಾರ ಎಡಗಾಲ ಹೆಬ್ಬೆರಳಿಗೆ
ಆ ಅಂಚು ತಣ್ಣಗ ತಾಕಿತು.
ಖರೇನೋ ಸುಳ್ಳೋ,
ಇನ್ನೊಮ್ಮೆ ನೋಡಿ ನಿನಗ ಹೇಳಬೇಕಂದಿದ್ದೆ."

ಕೈಯಾಗ ಇನ್ನೂ ಕರಣಿ ಇತ್ತು.
"ಮತ್ತ ಎತ್ತರ ಮಾಡ್ಲೇನು?" ಅಂದೆ.
ನಕ್ಕಳು. ಬೆನ್ನು ನೊಂದು ನಗು ಅರ್ಧಕ್ಕೇ ನಿಂತಿತು,
ಉಳಿದರ್ಧಕ್ಕ ಬೈದಳು, ಹೆಸರು ಹಿಡಿದು.

ಇವತ್ತು ಮುಂಜಾನೆ ಹೇಳಿದೆ, "ತುಳೀಬ್ಯಾಡ, ಹಸಿ ಅದ."
"ಹಂಗಾರ ಡೈವರ್ಷನ್" ಅಂದಳು.
ವಾಕರ್ ಎಡಕ್ಕ ತಿರುವಿ
ಜ್ವಾಳದ ಚೀಲದ ಬಾಜೂಕ ಹೊಂಟಳು,
ನಾವು ಎಂದೂ ಎಣಿಸದ ಪರಸಿಗಳ ಮ್ಯಾಲ,
ಅಲ್ಲಿ ಒಂದಕ್ಕೂ ಊರಿನ ಹೆಸರಿಲ್ಲ.
ಹಿಂದ ನಾನು, ಮುಟ್ಟದ, ಎರಡೂ ಕೈ ಚಾಚಿ.
ಚೀಲ ದಾಟಿದ ಮ್ಯಾಲ ಅಕಿ ಸೀಟಿ ಬಾಯಿಗಿಟ್ಟು
ಎರಡು ಸಲ ಊದಿದಳು, ರೈಟ್ ಅಂತ,

ಸುಗಲಾ ಬೇಸಿನ್ನು ಹಿಡಕೊಂಡು ಓಡಿ ಬಂದಳು.